ಬೆಂಗಳೂರಿಂದ ಒಂದೇ ದಿನದಲ್ಲಿ ಸಮುದ್ರ: ಮಂಗಳೂರೋ, ಚೆನ್ನೈಯೋ?

ಜೆಪಿನಗರದ ಅಮ್ಮ: ಗಂಡ, ಹೆಂಡತಿ, 9 ವರ್ಷದ ಮಗಳು, 4 ವರ್ಷದ ಮಗ. ಶನಿವಾರ ರಾತ್ರಿ ಹೊರಟು ಸೋಮವಾರ ಸ್ಕೂಲ್ ಹೊತ್ತಿಗೆ ಮನೆಯಲ್ಲಿರಬೇಕು. ರೂಮ್ ಮಾಡಲ್ಲ. ಒಟ್ಟು 3000 ದಾಟಬಾರದು. ಮಕ್ಕಳು ಅಲೆಯಲ್ಲಿ ಆಡಬೇಕು, ಅಷ್ಟೇ. ಎಲ್ಲಿಗೆ ಹೋಗೋಣ?

ಲೆಕ್ಕದ ಮೇಷ್ಟ್ರು: ಮೊದಲು ಕಾರನ್ನು ಮರೆತುಬಿಡಿ. ಮಂಗಳೂರಾಗಲಿ ಚೆನ್ನೈಯಾಗಲಿ, ಹೆಚ್ಚುಕಮ್ಮಿ 350 ಕಿ.ಮೀ. ಹೋಗಿಬರಲು 700. ಲೀಟರಿಗೆ 15 ಕಿ.ಮೀ. ಕೊಟ್ಟರೂ 47 ಲೀಟರ್ ಪೆಟ್ರೋಲ್, 4800 ರೂಪಾಯಿ ಅಲ್ಲೇ ಹೋಯ್ತು. ಟೋಲ್ ಬೇರೆ. ಹಗಲೆಲ್ಲ ಬಿಸಿಲಲ್ಲಿ ನಿಂತವರು ರಾತ್ರಿ ಶಿರಾಡಿ ಘಾಟಿ ಹತ್ತಿಸೋದು ದುಡ್ಡಿಗಿಂತ ದೊಡ್ಡ ತಾಪತ್ರಯ.

ರೈಲುಪ್ರೇಮಿ: ಚೆನ್ನೈಗೇ ಹೋಗಿ. ಶನಿವಾರ ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ ಚೆನ್ನೈ ಮೇಲ್, ಬೆಳಗಿನ ಜಾವ ಸೆಂಟ್ರಲ್. ಬ್ಯಾಗಿಗೆ ಬೀಗ ಹಾಕಿ ಕ್ಲೋಕ್ ರೂಮಿಗೆ ಕೊಡಿ, ಬೀಗ ಇಲ್ಲದ ಬ್ಯಾಗ್ ತಗೊಳ್ಳಲ್ಲ. ಎದುರಿಗೇ ಪಾರ್ಕ್ ಟೌನ್ ಸ್ಟೇಷನ್, ಅಲ್ಲಿಂದ ವೇಲಚೇರಿ ಕಡೆಯ ಲೋಕಲ್ ಹತ್ತಿ ತಿರುವಲ್ಲಿಕ್ಕೇಣಿಯಲ್ಲಿ ಇಳಿದರೆ ಮರೀನಾಗೆ ನಡೆದೇ ಹೋಗಬಹುದು. ಅಲ್ಲಿ ಸೂರ್ಯ ಹುಟ್ಟೋದೇ ಸಮುದ್ರದಿಂದ, ಬೆಳಿಗ್ಗೆ ತಲುಪುವವರಿಗೆ ಅದೇ ಲಾಭ. ಹತ್ತು ಗಂಟೆಗೆ ಮರಳು ಬಿಟ್ಟು, ಊಟ ಮುಗಿಸಿ, ಮಧ್ಯಾಹ್ನ ಮೂರೂವರೆಯ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿ ಮನೆಯಲ್ಲೇ ನಿದ್ದೆ. ಸ್ಲೀಪರ್ ತಲಾ 300ರ ಒಳಗೆ, ವಾಪಸ್ ಸೆಕೆಂಡ್ ಸಿಟ್ಟಿಂಗ್ 200ರ ಒಳಗೆ. ಮೂರು ಟಿಕೆಟ್ಟಿಗೆ 1500.

ಲೆಕ್ಕದ ಮೇಷ್ಟ್ರು: ಮೂರು ಟಿಕೆಟ್ ಅನ್ನೋದು ಸರಿ. ಐದು ತುಂಬದ ಮಗನಿಗೆ ಟಿಕೆಟ್ ಬೇಡ, ಬರ್ತೂ ಸಿಗಲ್ಲ. ಮಗಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ರಾತ್ರಿ ಪ್ರಯಾಣಕ್ಕೆ ಪೂರ್ತಿ ಕೊಟ್ಟುಬಿಡಿ. ಒಂದೇ ಬರ್ತಲ್ಲಿ ಇಬ್ಬರು ಮಕ್ಕಳನ್ನು ಮಲಗಿಸಿದರೆ ದೊಡ್ಡವರಿಗೆ ನಿದ್ದೆ ಇರಲ್ಲ.

ಕುಡ್ಲದವ: ಮಾರಾಯ್ರೆ, ಮಕ್ಕಳು ನೀರಿಗಿಳಿಯಬೇಕು ಅಂತ ಕೇಳಿದ್ದಾರೆ. ಮರೀನಾದಲ್ಲಿ ದಡ ಕೂಡಲೇ ಆಳಕ್ಕೆ ಜಾರ್ತದೆ, ಸೆಳೆತ ಜೋರು, ಪೊಲೀಸರು ಇಳಿಯಲಿಕ್ಕೂ ಬಿಡುವುದಿಲ್ಲ. ಅಷ್ಟು ದೂರ ಹೋಗಿ ಕಾಲು ಒದ್ದೆ ಮಾಡಿ ಬರುವುದಾ? ಮಂಗಳೂರಿನ ಪಣಂಬೂರು ಬೀಚಿನಲ್ಲಿ ಜೀವರಕ್ಷಕರು ಇದ್ದಾರೆ, ಬಟ್ಟೆ ಬದಲಿಸಲಿಕ್ಕೆ ಜಾಗ ಉಂಟು. ರಾತ್ರಿ ಒಂಬತ್ತೂವರೆ ಸುಮಾರಿಗೆ 16511 ಕಣ್ಣೂರು ಎಕ್ಸ್‌ಪ್ರೆಸ್, ಬೆಳಿಗ್ಗೆ ಏಳರೊಳಗೆ ಮಂಗಳೂರು ಜಂಕ್ಷನ್. ಸೆಂಟ್ರಲ್ ಅಲ್ಲ, ಜಂಕ್ಷನ್. ಅಲ್ಲಿಂದ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಂದು ಸುರತ್ಕಲ್ ಬಸ್ಸು ಹತ್ತಿ ಪಣಂಬೂರಿನಲ್ಲಿ ಇಳಿಯಿರಿ. ಹೈವೇಯಿಂದ ಕಡಲಿಗೆ ಒಂದು ಕಿ.ಮೀ. ಮೇಲೆ ನಡೆಯಬೇಕು, ಸಣ್ಣವನನ್ನು ಎತ್ತಿಕೊಳ್ಳುವುದಾದರೆ ಆಟೋ ಮಾಡಿ.

ಮಂಡ್ಯದ ಮಾತುಗಾರ: ಯಾಕಪ್ಪ ಇಷ್ಟೆಲ್ಲ? ತಲಕಾಡಲ್ಲಿ ಮರಳೂ ಇದೆ, ನೀರೂ ಇದೆ. ಬೆಳಿಗ್ಗೆ ಹೋಗಿ ಸಂಜೆ ಬನ್ನಿ.

ಕುಡ್ಲದವ: ಅಲೆ ಉಂಟಾ?

ಲೆಕ್ಕದ ಮೇಷ್ಟ್ರು: ಅಲೆ ಬಿಡಿ. ಕಾವೇರಿ ಅಲ್ಲಿ ತೆಳ್ಳಗೆ ಹರಿಯೋ ಹಾಗೆ ಕಾಣುತ್ತೆ, ಎರಡು ಹೆಜ್ಜೆ ಮುಂದೆ ಗುಂಡಿ. ಈಜು ಬಂದವರೇ ಹೋಗಿದ್ದಾರೆ.

ದುಡ್ಡಿನ ಮಾತಿಗೇ ಬರೋಣ. ಮಂಗಳೂರಿಗೆ ಇನ್ನೂ ಅಗ್ಗದ ದಾರಿ ಕರ್ನಾಟಕ ಸಾರಿಗೆ ಬಸ್ಸು. ಶಕ್ತಿ ಯೋಜನೆಯಲ್ಲಿ ಅಮ್ಮ, ಮಗಳು ಇಬ್ಬರಿಗೂ ಶೂನ್ಯ ಟಿಕೆಟ್, ಕರ್ನಾಟಕದ ವಿಳಾಸವಿರುವ ಆಧಾರ್ ಇದ್ದರಾಯ್ತು. ಮಗ ಸಣ್ಣವನು, ಅವನಿಗೂ ಟಿಕೆಟ್ ಬೇಡ. ಅಪ್ಪನ ಟಿಕೆಟ್ 500ರ ಆಸುಪಾಸು, ಎರಡೂ ಕಡೆಗೆ 1000. ರಾಜಹಂಸ, ಐರಾವತ, ಸ್ಲೀಪರ್‌ಗೆ ಶಕ್ತಿ ಇಲ್ಲ. ಚೆನ್ನೈ ಬಸ್ಸಿಗೂ ಇಲ್ಲ.

ರೈಲುಪ್ರೇಮಿ: 800 ಉಳಿಸೋಕೆ ಹೋಗಿ ಮಕ್ಕಳನ್ನು ಇಡೀ ರಾತ್ರಿ ಕೂರಿಸ್ತೀರಾ, ಅದೂ ಘಾಟಿಯಲ್ಲಿ? ಗುಂಡ್ಯದಿಂದ ಸಕಲೇಶಪುರದ ತನಕ ತಿರುವಿನ ಮೇಲೆ ತಿರುವು, ವಾಂತಿ ಗ್ಯಾರಂಟಿ. ರೈಲು ಅದೇ ಬೆಟ್ಟವನ್ನು 57 ಸುರಂಗದಲ್ಲಿ 30 ಕಿ.ಮೀ. ವೇಗದಲ್ಲಿ ದಾಟುತ್ತೆ, ಮಲಗಿದವರಿಗೆ ಗೊತ್ತೇ ಆಗಲ್ಲ.

ಲೆಕ್ಕದ ಮೇಷ್ಟ್ರು: ಒಪ್ಪಿದೆ. ರೈಲಲ್ಲಿ ಹೋಗಿ ಬಂದರೂ 1800, ಊಟ ಆಟೋಗೆ 1200 ಉಳಿಯುತ್ತೆ. ಬರ್ತ್ ಸಿಗದಿದ್ದರೆ ಮಾತ್ರ ಬಸ್ಸು. ಆಗ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದಿನ ಅರ್ಧದಲ್ಲಿ ಕೂತ್ಕೊಳ್ಳಿ. ಹೊರಡೋ ಮುಂಚೆ ಹಾಲು ಕುಡಿಸಬೇಡಿ.

ಕುಡ್ಲದವ: ಎಲ್ಲರೂ ದಾರಿಯ ಬಗ್ಗೆಯೇ ಜಗಳ. ಯಾವ ತಿಂಗಳು ಅಂತ ಕೇಳಿದವರಿಲ್ಲ! ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡಲಿಗೆ ಇಳಿಯುವ ಹಾಗೇ ಇಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುವುದೂ ಆಗಲೇ.

ರೈಲುಪ್ರೇಮಿ: ಅಕ್ಟೋಬರ್‌ನಿಂದ ಡಿಸೆಂಬರ್ ಚೆನ್ನೈಗೆ ಮಳೆಗಾಲ, ಚಂಡಮಾರುತದ ಸೀಸನ್. ಆಗ ನಾನೂ ಚೆನ್ನೈ ಅನ್ನಲ್ಲ. ಮೇಡಂ, ಯಾವಾಗ ಹೊರಡೋದು?

ಜೆಪಿನಗರದ ಅಮ್ಮ: ನವೆಂಬರ್ ಎರಡನೇ ವಾರ.

ರೈಲುಪ್ರೇಮಿ: ಹಾಗಾದ್ರೆ ಮಂಗಳೂರೇ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ, ಶನಿವಾರದ ಬರ್ತ್ ಕೊನೆವರೆಗೂ ಕಾಯಲ್ಲ. ತಪ್ಪಿದರೆ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ಸ್ಲೀಪರ್ ತತ್ಕಾಲ್. ವಾಪಸ್ ಟಿಕೆಟ್ಟೂ ಜೊತೆಗೇ ಮಾಡಿ, ಜನ ಎಡವೋದು ಅಲ್ಲೇ.

ಕುಡ್ಲದವ: ಬೆಳಿಗ್ಗೆ ಗಾಳಿ ಕಡಿಮೆ, ಅಲೆ ಸಣ್ಣದು. ಎಂಟರಿಂದ ಹತ್ತೂವರೆಯ ಒಳಗೆ ಮಕ್ಕಳ ನೀರಾಟ ಮುಗಿಸಿ. ಹನ್ನೊಂದಕ್ಕೆಲ್ಲ ಮರಳು ಕಾಲು ಸುಡ್ತದೆ. ಆಮೇಲೆ ತಣ್ಣೀರುಬಾವಿಗೆ ಹೋಗಿ, ಮರದ ನೆರಳು ಉಂಟು. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ಮಕ್ಕಳಿಗೆ ಅದೇ ಒಂದು ಆಟ. ವಾಪಸ್ ರೈಲು ರಾತ್ರಿ ಎಂಟರ ಹೊತ್ತಿಗೆ. ಸೂರ್ಯ ಮುಳುಗುವುದು ಆರು ಗಂಟೆಗೆ, ನೋಡಿ ಕೂಡಲೇ ಹೊರಡಿ. ಭಾನುವಾರ ಸಂಜೆ ಕೂಳೂರು ಕಡೆ ವಾಹನ ಸಾಲು ನಿಲ್ತದೆ.

ಈಗ ಮುಖ್ಯ ವಿಷಯ. ಅಲೆ ಒಡೆಯುವ ಬಿಳಿ ಸಾಲಿನ ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ, ಸ್ವಲ್ಪ ಕದಡಿದ ಬಣ್ಣದಲ್ಲಿ ಕಂಡರೆ ಅಲ್ಲಿ ಇಳಿಯಬೇಡಿ. ನೋಡಲಿಕ್ಕೆ ಶಾಂತ, ಆದರೆ ದಡಕ್ಕೆ ಬಂದ ನೀರೆಲ್ಲ ಒಳಗೆ ವಾಪಸ್ ಹೋಗುವುದು ಅದೇ ದಾರಿಯಲ್ಲಿ. ಸಿಕ್ಕಿಬಿದ್ದವರು ದಡದ ಕಡೆ ಈಜಿದರೆ ಸುಸ್ತಾಗ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ತಪ್ಪಿಸಿಕೊಳ್ಳಬೇಕು. ಸಣ್ಣವನಿಗೆ ಅವನ ಮೊಣಕಾಲಿನಷ್ಟೇ ನೀರು ಸಾಕು. ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರಿ ಮಗು ಕೂತುಬಿಡ್ತದೆ, ಒದ್ದೆ ಬೆರಳು ಆಗಲೇ ಕೈತಪ್ಪುವುದು. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ಅಂತೂ ಬೇಡವೇ ಬೇಡ.

ಜೆಪಿನಗರದ ಅಮ್ಮ: ಬುತ್ತಿಗೆ ಏನು ತಗೊಂಡು ಹೋಗಲಿ?

ಬಸವನಗುಡಿ ಅಡುಗೆಮನೆ: ಮಧ್ಯಾಹ್ನಕ್ಕೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ತೆಂಗಿನಕಾಯಿ ಚಟ್ನಿ ಬೇಡ, ಕರಾವಳಿ ಸೆಖೆಗೆ ಹಳಸುತ್ತೆ. ಮೊಸರನ್ನ ಬೇಕೇ ಬೇಕು ಅಂದ್ರೆ ಮೆತ್ತಗೆ ಬೆಂದ ಅನ್ನ ಆರಿಸಿ, ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಕಲಸಿ. ಡಬ್ಬದಲ್ಲೇ ಹೆಪ್ಪಾಗುತ್ತೆ. ಆದರೆ ಬೆಳಗಿನ ತಿಂಡಿಗೇ ಮುಗಿಸಿಬಿಡಿ, ಮಧ್ಯಾಹ್ನದ ತನಕ ಇಟ್ಟರೆ ಹುಳಿ.

ಜೀನ್ಸ್ ಬೇಡ, ನೆಂದರೆ ಸಂಜೆವರೆಗೂ ಒಣಗಲ್ಲ, ಮರಳು ಸೇರಿ ತೊಡೆ ಉಜ್ಜುತ್ತೆ. ಮೈಗಂಟಿದ ಮರಳನ್ನು ಟವೆಲಲ್ಲಿ ತಿಕ್ಕಬೇಡಿ. ಟಾಲ್ಕಂ ಪೌಡರ್ ಉದುರಿಸಿ ಕೈಯಲ್ಲಿ ಸವರಿ, ಪೌಡರ್ ತೇವ ಹೀರಿದ ಕೂಡಲೇ ಮರಳು ಉದುರುತ್ತೆ. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್ ಎರಡು.

ರೈಲುಪ್ರೇಮಿ: ಇನ್ನೊಂದು. ವಾಪಸ್ ಬರುವಾಗ ಮೆಜೆಸ್ಟಿಕ್ ತನಕ ಬರಬೇಡಿ. ಯಶವಂತಪುರದಲ್ಲೇ ಇಳಿದರೆ ಹಸಿರು ಮೆಟ್ರೋ ನೇರ ಜೆ.ಪಿ. ನಗರಕ್ಕೆ. ರೈಲು ಬೆಳಿಗ್ಗೆ ಆರರ ಆಚೀಚೆ ಬರುತ್ತೆ, ಅರ್ಧ ಗಂಟೆ ಲೇಟಾದರೂ ಸ್ಕೂಲಿಗೆ ಸಮಯ ಇರುತ್ತೆ.