ಮ್ಯಾಕಿಂತೋಷ್ ಕ್ಲಾಸಿಕ್ ಅನ್ನು ಮನೆಯ ನೆಟ್‌ವರ್ಕ್‌ಗೆ ಜೋಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಬಳಸುತ್ತಿದ್ದ ಮ್ಯಾಕಿಂತೋಷ್ ಕ್ಲಾಸಿಕ್ ಈಗ ನನ್ನ ಬಳಿ ಇದೆ. 1990ರಲ್ಲಿ ಬಂದ ಆಪಲ್ ಗಣಕದ ಮಾದರಿ. 4 ಎಂಬಿ ಮೆಮೊರಿ, ಸಿಸ್ಟಮ್ 7.1. ಅವರು ಹೈಪರ್‌ಕಾರ್ಡ್ ಎಂಬ ಕಾರ್ಡು-ಟಿಪ್ಪಣಿಗಳ ತಂತ್ರಾಂಶದಲ್ಲಿ ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿವೆ, ಆದರೆ ಆ ಡಿಸ್ಕ್ ಕೆಲವು ದಿನ ತಿರುಗುವುದೇ ಇಲ್ಲ. ಯಂತ್ರದ ಹಿಂಭಾಗದಲ್ಲಿ ಈಥರ್ನೆಟ್ ಪೋರ್ಟ್ ಇಲ್ಲ, ಒಳಗೆ ನೆಟ್‌ವರ್ಕ್ ಕಾರ್ಡ್ ಕೂರಿಸುವ ಸ್ಲಾಟ್ ಕೂಡ ಇಲ್ಲ. ನನ್ನ ಲಿನಕ್ಸ್ ಗಣಕಕ್ಕೂ ಇದಕ್ಕೂ ನಡುವೆ ಕಡತಗಳು ಓಡಾಡುವಂತೆ ಮಾಡಲು ಯಾವ ದಾರಿ ಒಳ್ಳೆಯದು?

ಉತ್ತರ 1

ನೆಟ್‌ವರ್ಕ್‌ನ ಮಾತು ಆಮೇಲೆ ಇರಲಿ, ಮೊದಲು ಆ ಡಿಸ್ಕನ್ನು ಉಳಿಸಿಕೊಳ್ಳಿ. ಈ ಮಾದರಿಯ ಬೋರ್ಡಿನ ಮೇಲಿರುವ ಕೆಪಾಸಿಟರ್‌ಗಳೂ 3.6 ವೋಲ್ಟ್‌ನ ಬ್ಯಾಟರಿಯೂ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಅವು ಇನ್ನೂ ಹಳೆಯವೇ ಆಗಿದ್ದರೆ ಯಂತ್ರವನ್ನು ಪದೇ ಪದೇ ಆನ್ ಮಾಡಬೇಡಿ. ಪೆಟ್ಟಿಗೆ ತೆರೆಯುವಾಗ ಚಿತ್ರನಳಿಕೆಯಲ್ಲಿ ಉಳಿದಿರಬಹುದಾದ ಹೈ ವೋಲ್ಟೇಜ್ ಬಗ್ಗೆ ಎಚ್ಚರವಿರಲಿ, ಅಭ್ಯಾಸವಿಲ್ಲದಿದ್ದರೆ ಬಲ್ಲವರಿಂದಲೇ ಮಾಡಿಸಿ.

ನಾನು ಸೂಚಿಸುವುದು ಹಳೆಯ ಡಿಸ್ಕಿನ ಬದಲು ಬಳಸುವ ಬ್ಲೂಸ್ಕಸಿ ಎಂಬ ಸಾಧನದ ಎರಡನೆಯ ಆವೃತ್ತಿ, ಅದರಲ್ಲೂ ವೈಫೈ ಸೌಲಭ್ಯದ ಪಿಕೊ ಡಬ್ಲ್ಯು ಇರುವ ಬೋರ್ಡು. ಇದು ಹಳೆಯ ಸ್ಕಸಿ (ಆ ಕಾಲದ ಮ್ಯಾಕ್‌ಗಳು ಡಿಸ್ಕ್ ಜೋಡಿಸಲು ಬಳಸುತ್ತಿದ್ದ ಸಂಪರ್ಕ) ಡಿಸ್ಕನ್ನು ತಾನೇ ಓದಿ ಎಸ್‌ಡಿ ಕಾರ್ಡಿಗೆ ನಕಲಿಸಿಕೊಳ್ಳಬಲ್ಲದು, ಆಮೇಲೆ ಅದೇ ಡಿಸ್ಕಿನ ಜಾಗದಲ್ಲಿ ನಿಂತು ಕೆಲಸ ಮಾಡಬಲ್ಲದು, ಜೊತೆಗೆ ಆ ಕಾಲದ ಡೇನಾಪೋರ್ಟ್ ಎಂಬ ಸ್ಕಸಿ ಈಥರ್ನೆಟ್ ಸಾಧನದಂತೆ ನಟಿಸಿ ಮ್ಯಾಕನ್ನು ವೈಫೈಗೆ ಸೇರಿಸುತ್ತದೆ. ಅದಕ್ಕೆ ಸಿಗುವುದು 2.4 ಗಿಗಾಹರ್ಟ್ಸ್ ಮಾತ್ರ, ಆದ್ದರಿಂದ ರೂಟರ್‌ನಲ್ಲಿ ಆ ಬ್ಯಾಂಡ್ ತೆರೆದಿರಬೇಕು. ಮ್ಯಾಕ್‌ನಲ್ಲಿ ಡೇನಾಪೋರ್ಟ್ ಡ್ರೈವರ್ ಮತ್ತು ಹಳೆಯ ಮ್ಯಾಕ್‌ಗಳಿಗೆ ಇಂಟರ್‌ನೆಟ್ ಸಂಪರ್ಕ ಕೊಡುವ ಮ್ಯಾಕ್‌ಟಿಸಿಪಿ ತಂತ್ರಾಂಶ ಹಾಕಿಕೊಳ್ಳಿ. ಅದರ ಬದಲು ಆಮೇಲೆ ಬಂದ ಓಪನ್ ಟ್ರಾನ್ಸ್‌ಪೋರ್ಟ್ ಇಲ್ಲಿ ನಡೆಯದು: ಅದಕ್ಕೆ ಕನಿಷ್ಠ 68030 ಪ್ರೊಸೆಸರ್ ಬೇಕು, ನಿಮ್ಮದು 8 ಮೆಗಾಹರ್ಟ್ಸ್‌ನ 68000. ಮ್ಯಾಕ್‌ಟಿಸಿಪಿಗೆ ಡಿಎಚ್‌ಸಿಪಿ (ರೂಟರ್ ತಾನಾಗಿ ವಿಳಾಸ ಹಂಚುವ ವಿಧಾನ) ಗೊತ್ತಿಲ್ಲದಿರುವುದರಿಂದ ಐಪಿ ವಿಳಾಸವನ್ನೂ ಗೇಟ್‌ವೇ ವಿಳಾಸವನ್ನೂ ಕೈಯಿಂದಲೇ ತುಂಬಬೇಕು, ಮತ್ತು ಆ ವಿಳಾಸ ರೂಟರ್ ಹಂಚುವ ಸಾಲಿನಿಂದ ಹೊರಗಿರಬೇಕು. ಅಷ್ಟಾದರೆ ಫೆಚ್ ತಂತ್ರಾಂಶದಿಂದ ಎಫ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಕಡತಗಳ ಸಾಗಣೆ, ನಡೆಯುತ್ತದೆ.

ಉತ್ತರ 2

ಡಿಸ್ಕಿನ ವಿಷಯದಲ್ಲಿ ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ದಿನನಿತ್ಯದ ಬಳಕೆಗೆ ಎಫ್‌ಟಿಪಿಗಿಂತ ಆಪಲ್‌ನದೇ ಹಳೆಯ ನೆಟ್‌ವರ್ಕ್ ವ್ಯವಸ್ಥೆಯಾದ ಆಪಲ್‌ಟಾಕ್ ಹಿತವೆಂಬುದು ನನ್ನ ಅನುಭವ, ಏಕೆಂದರೆ ಆಗ ಲಿನಕ್ಸ್‌ನ ಫೋಲ್ಡರ್ ಮ್ಯಾಕ್‌ನ ಡೆಸ್ಕ್‌ಟಾಪ್ ಮೇಲೆಯೇ ಡಿಸ್ಕಿನಂತೆ ಕಾಣಿಸಿಕೊಳ್ಳುತ್ತದೆ. ಪ್ರಿಂಟರ್ ಪೋರ್ಟಿನಿಂದ ಆಪಲ್‌ಟಾಕ್ ಸಾಗುವ ಲೋಕಲ್‌ಟಾಕ್ ತಂತಿ ಎಳೆದು, ಅಸಾಂಟೆಟಾಕ್‌ನಂಥ ಸೇತುವೆ ಸಾಧನದ ಮೂಲಕ ಈಥರ್ನೆಟ್ಟಿಗೆ ಸೇರಿಸಬಹುದು. ವೇಗ ಸೆಕೆಂಡಿಗೆ 230.4 ಕಿಲೋಬಿಟ್ ಅಷ್ಟೇ. ಹೈಪರ್‌ಕಾರ್ಡ್ ಟಿಪ್ಪಣಿಗಳಿಗೆ ಅದು ಧಾರಾಳ. ಈ ಸೇತುವೆ ಆಪಲ್‌ಟಾಕ್ ಅನ್ನು ಮಾತ್ರ ದಾಟಿಸುತ್ತದೆ, ಐಪಿಯನ್ನಲ್ಲ ಎಂಬುದನ್ನು ಮರೆಯಬೇಡಿ.

ಲಿನಕ್ಸ್ ಕಡೆಯಲ್ಲಿ, ಅದರ ಫೋಲ್ಡರ್‌ಗಳನ್ನು ಮ್ಯಾಕ್‌ಗೆ ಒದಗಿಸುವ ನೆಟಾಟಾಕ್ ತಂತ್ರಾಂಶ ಬೇಕು, ಆವೃತ್ತಿಯನ್ನು ನೋಡಿ ಆರಿಸಿಕೊಳ್ಳಿ: 2012ರ 3.0ರಲ್ಲಿ ಆಪಲ್‌ಟಾಕ್ ತೆಗೆದುಹಾಕಿದ್ದರು, 2024ರ 4.0ರಲ್ಲಿ ಮತ್ತೆ ಸೇರಿಸಿದರು. ಕೆಲವು ವೈಫೈ ರೂಟರ್‌ಗಳು ಆಪಲ್‌ಟಾಕ್ ಪ್ಯಾಕೆಟ್‌ಗಳನ್ನು ದಾಟಿಸುವುದಿಲ್ಲ, ಆದ್ದರಿಂದ ಆ ಲಿನಕ್ಸ್ ಗಣಕವನ್ನು ತಂತಿಯಲ್ಲೇ ಜೋಡಿಸಿ. ಹಳೆಯ ಲಾಗಿನ್ ವಿಧಾನಗಳಿಗೆ ಈಗಿನ ಮಟ್ಟದ ಭದ್ರತೆ ಇಲ್ಲ; ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಬ್ಲೂಸ್ಕಸಿ ತರಿಸಿದೆ, ಮೂರನೆಯ ಪ್ರಯತ್ನಕ್ಕೆ ಡಿಸ್ಕ್ ಪೂರ್ತಿ ನಕಲಾಯಿತು. ಮಾವನ ಟಿಪ್ಪಣಿಗಳು ಸುರಕ್ಷಿತವಾಗಿವೆ! ಆದರೆ ಎಫ್‌ಟಿಪಿಯಿಂದ ಲಿನಕ್ಸ್‌ಗೆ ಕಳಿಸಿ ಮರಳಿ ತಂದ ಒಂದು ಸ್ಟ್ಯಾಕ್ (ಹೈಪರ್‌ಕಾರ್ಡ್ ಕಡತ) ಮ್ಯಾಕ್‌ನಲ್ಲಿ ಖಾಲಿ ಕಾಗದದ ಚಿಹ್ನೆಯಾಗಿ ಕಾಣುತ್ತಿದೆ, ತೆರೆಯುತ್ತಿಲ್ಲ.

ಉತ್ತರ 2

ನಿಮ್ಮ ಬರಹ ಹೋಗಿಲ್ಲ, ಗಾಬರಿ ಬೇಡ. ಮ್ಯಾಕ್ ಕಡತಕ್ಕೆ ಡೇಟಾ ಫೋರ್ಕ್, ರಿಸೋರ್ಸ್ ಫೋರ್ಕ್ ಎಂಬ ಎರಡು ಭಾಗಗಳಿರುತ್ತವೆ, ಜೊತೆಗೆ ಅದು ಯಾವ ಬಗೆಯದು, ಯಾವ ತಂತ್ರಾಂಶದ್ದು ಎಂದು ಹೇಳುವ ನಾಲ್ಕಕ್ಷರದ ಎರಡು ಗುರುತುಗಳು. ಬರಿಯ ಎಫ್‌ಟಿಪಿಯಲ್ಲಿ ಡೇಟಾ ಫೋರ್ಕ್ ಮಾತ್ರ ಹೋಗಿದೆ. ಸ್ಟ್ಯಾಕ್‌ನ ಕಾರ್ಡುಗಳು ಇರುವುದು ಅಲ್ಲಿಯೇ ಆದ್ದರಿಂದ ರೆಸ್‌ಎಡಿಟ್ ಎಂಬ ಆಪಲ್ ತಂತ್ರಾಂಶದಲ್ಲಿ ಬಗೆಯನ್ನು ಎಸ್-ಟಿ-ಎ-ಕೆ ಎಂದೂ ಸೃಷ್ಟಿಸಿದ ತಂತ್ರಾಂಶದ ಗುರುತನ್ನು ಡಬ್ಲ್ಯು-ಐ-ಎಲ್-ಡಿ ಎಂದೂ, ಎಲ್ಲವನ್ನೂ ದೊಡ್ಡಕ್ಷರದಲ್ಲಿ ತುಂಬಿದರೆ ಅದು ತೆರೆಯಬೇಕು. ಇನ್ನು ಮುಂದೆ ಕಳಿಸುವ ಮೊದಲು, ಎರಡೂ ಭಾಗಗಳನ್ನು ಒಂದೇ ಕಡತದಲ್ಲಿ ಉಳಿಸುವ ಮ್ಯಾಕ್‌ಬೈನರಿ ಅಥವಾ ಸ್ಟಫ್‌ಇಟ್‌ನಲ್ಲಿ ಕಟ್ಟಿ ಕಳಿಸಿ. ತಂತ್ರಾಂಶಗಳಿಗಂತೂ ಇದು ಕಡ್ಡಾಯ, ಅವುಗಳ ಕೋಡ್ ಇರುವುದೇ ರಿಸೋರ್ಸ್ ಫೋರ್ಕ್‌ನಲ್ಲಿ.