ನಕ್ಷೆಯ ಮೇಲಿನ ಬಿಂದುಗಳಿಂದ ಫಲನದ ಸಮೀಕರಣ ಕಂಡುಹಿಡಿಯುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. (1, 4), (2, 7) ಮತ್ತು (4, 25) ಬಿಂದುಗಳ ಮೂಲಕ ಹಾದುಹೋಗುವ ಫಲನದ ಸಮೀಕರಣವನ್ನು ಬರೆಯಬೇಕಾಗಿದೆ. ವೈ = ಎ·ಎಕ್ಸ್² + ಬಿ·ಎಕ್ಸ್ + ಸಿ ಎಂದಿಟ್ಟುಕೊಂಡು ಬಿಂದುಗಳನ್ನು ಆದೇಶಿಸಿದರೆ ಎ + ಬಿ + ಸಿ = 4, 4ಎ + 2ಬಿ + ಸಿ = 7, 16ಎ + 4ಬಿ + ಸಿ = 25 ಎಂಬ ಮೂರು ಸಮೀಕರಣಗಳು ದೊರೆಯುತ್ತವೆ. ಇವನ್ನು ಬಿಡಿಸಬಹುದು, ಆದರೆ ಬಿಂದುಗಳು ಹೆಚ್ಚಾದಂತೆ ಈ ದಾರಿ ಬಹಳ ಉದ್ದವಾಗುತ್ತದೆ. ಇದಕ್ಕಿಂತ ಹಗುರವಾದ ಕ್ರಮವಿದೆಯೇ? ಇವೇ ಬಿಂದುಗಳ ಮೂಲಕ ಬೇರೊಂದು ಫಲನ ಹಾದುಹೋಗುವುದಿಲ್ಲ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಉತ್ತರ 1:
ನ್ಯೂಟನ್ನನ ಹೆಸರಿನಲ್ಲಿರುವ ಭಾಗಿತ ಅಂತರಗಳ ಕ್ರಮವನ್ನು ಬಳಸಿ ನೋಡಿ. ಮೊದಲ ಎರಡು ಬಿಂದುಗಳ ನಡುವಿನ ಓಟ, ಅಂದರೆ ಇಳಿಜಾರು, (7 − 4) ÷ (2 − 1) = 3; ನಂತರದ ಎರಡರ ನಡುವಿನದು (25 − 7) ÷ (4 − 2) = 9. ಈ ಎರಡರ ಅಂತರವನ್ನು ಮೊದಲ ಮತ್ತು ಕೊನೆಯ ಎಕ್ಸ್ ಬೆಲೆಗಳ ಅಂತರದಿಂದ ಭಾಗಿಸಿದರೆ (9 − 3) ÷ (4 − 1) = 2. ಆದ್ದರಿಂದ

ವೈ = 4 + 3(ಎಕ್ಸ್ − 1) + 2(ಎಕ್ಸ್ − 1)(ಎಕ್ಸ್ − 2),

ಬಿಡಿಸಿ ಬರೆದರೆ 2ಎಕ್ಸ್² − 3ಎಕ್ಸ್ + 5. ನಾಳೆ (3, 12) ಎಂಬ ನಾಲ್ಕನೆಯ ಬಿಂದು ಸೇರಿದರೂ ಮಾಡಿದ ಲೆಕ್ಕ ವ್ಯರ್ಥವಾಗುವುದಿಲ್ಲ. ಕೊನೆಯಲ್ಲಿ (ಎಕ್ಸ್ − 1)(ಎಕ್ಸ್ − 2)(ಎಕ್ಸ್ − 4) ಎಂಬ ಒಂದು ಪದವನ್ನು ಕೂಡಿಸಿದರೆ ಸಾಕು. ಅಂತರಗಳ ಈ ಆಲೋಚನೆ ನಮ್ಮಲ್ಲಿ ಬಹಳ ಹಳೆಯದು: ಜ್ಯಾ (ಸೈನ್) ಕೋಷ್ಟಕದಲ್ಲಿಲ್ಲದ ನಡುವಿನ ಬೆಲೆಗಳನ್ನು ಪಡೆಯಲು ಬ್ರಹ್ಮಗುಪ್ತನು 7ನೆಯ ಶತಮಾನದಲ್ಲಿಯೇ ಎರಡನೆಯ ಅಂತರಗಳನ್ನು, ಅಂದರೆ ಅಂತರಗಳ ಅಂತರಗಳನ್ನು, ಬಳಸಿದ್ದನು.

ಉತ್ತರ 2:
ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು. ಎರಡು ವರ್ಗ ಬಹುಪದೋಕ್ತಿಗಳು (ಎ·ಎಕ್ಸ್² + ಬಿ·ಎಕ್ಸ್ + ಸಿ ರೂಪದವು) ಈ ಮೂರೂ ಬಿಂದುಗಳ ಮೂಲಕ ಹಾದುಹೋಗುತ್ತವೆ ಎಂದಿಟ್ಟುಕೊಂಡರೆ, ಅವುಗಳ ವ್ಯತ್ಯಾಸವು ಎರಡನ್ನು ಮೀರದ ಘಾತದ್ದಾಗಿದ್ದೂ ಮೂರು ಕಡೆ ಸೊನ್ನೆಯಾಗಬೇಕಾಗುತ್ತದೆ. ಆ ವ್ಯತ್ಯಾಸ ಎಲ್ಲೆಡೆಯೂ ಸೊನ್ನೆಯಾಗಿದ್ದರೆ ಮಾತ್ರ ಇದು ಸಾಧ್ಯ. ಹೀಗಾಗಿ ಎರಡನೆಯ ಘಾತದೊಳಗೆ ಉತ್ತರ ಒಂದೇ. ಆದರೆ ಘಾತದ ಮಿತಿಯನ್ನು ತೆಗೆದರೆ ಈ ಖಚಿತತೆ ಉಳಿಯುವುದಿಲ್ಲ. ಉತ್ತರ 1ರಲ್ಲಿ ಸೇರಿಸಿದ ಪದವನ್ನು ಯಾವ ಸಂಖ್ಯೆಯಿಂದ ಗುಣಿಸಿ ಕೂಡಿಸಿದರೂ ಮೂರು ಬಿಂದುಗಳು ಕದಲುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಪ್ರಶ್ನೆಯಲ್ಲಿ ಫಲನದ ಬಗೆಯನ್ನು ಹೇಳದಿದ್ದರೆ ಏನು ಮಾಡಬೇಕು?

ಉತ್ತರ 2:
ಬಿಂದುಗಳ ವರ್ತನೆಯನ್ನೂ ಅವು ಎಲ್ಲಿಂದ ಬಂದವು ಎಂಬುದನ್ನೂ ನೋಡಬೇಕು. (0, 3), (1, 6), (2, 12) ಬಿಂದುಗಳಲ್ಲಿ ಬೆಲೆ ಪ್ರತಿ ಹೆಜ್ಜೆಗೂ ಇಮ್ಮಡಿಯಾಗುವುದರಿಂದ 3 × 2 ಘಾತ ಎಕ್ಸ್ ಎಂಬ ಘಾತೀಯ ಫಲನ ಸರಿಹೊಂದುತ್ತದೆ, 1.5ಎಕ್ಸ್² + 1.5ಎಕ್ಸ್ + 3 ಕೂಡ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಎಕ್ಸ್ = 3 ಆದಾಗ ಮೊದಲನೆಯದು 24, ಎರಡನೆಯದು 21. ಜೀವಾಣುಗಳ ಬೆಳವಣಿಗೆಯ ಲೆಕ್ಕವಾದರೆ ಮೊದಲನೆಯದನ್ನೂ, ಮೇಲಕ್ಕೆ ಎಸೆದ ಚೆಂಡಿನ ಎತ್ತರದಂಥ ಲೆಕ್ಕವಾದರೆ ವರ್ಗ ಬಹುಪದೋಕ್ತಿಯನ್ನೂ ಆರಿಸುವುದು ಯುಕ್ತ. ನಕ್ಷೆಯನ್ನೇ ಕೊಟ್ಟಿದ್ದು, ಅದು ಎಕ್ಸ್ ಅಕ್ಷವನ್ನು ಪಿ ಮತ್ತು ಕ್ಯೂ ಎಂಬಲ್ಲಿ ಕತ್ತರಿಸುವ ಪರವಲಯವಾಗಿದ್ದರೆ ಎ(ಎಕ್ಸ್ − ಪಿ)(ಎಕ್ಸ್ − ಕ್ಯೂ) ಎಂದು ಬರೆದು, ಉಳಿದ ಒಂದೇ ಬಿಂದುವಿನಿಂದ ಎ ಬೆಲೆಯನ್ನು ಪಡೆಯಿರಿ.