ಪೌತಿ ಖಾತೆ ಅಣ್ಣನ ಹೆಸರಿಗಾದ್ರೆ ಹೆಣ್ಣುಮಕ್ಕಳ ಪಾಲು ಹೋಯ್ತಾ?

ಗುಂಟೆ_ಲೆಕ್ಕ: ವಿಷಯ ಇಷ್ಟು. ಬೈಲಹೊಂಗಲ ತಾಲ್ಲೂಕಲ್ಲಿ ಪಿತ್ರಾರ್ಜಿತ 4 ಎಕರೆ (160 ಗುಂಟೆ). ತಂದೆ ಉಯಿಲು ಬರೆಯದೆ 2012ರಲ್ಲಿ ತೀರಿಕೊಂಡ್ರು. ಇರೋರು ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾಗೋದು) ಮಗನೊಬ್ಬನ ಹೆಸರಿಗೆ. 'ನಮ್ಮ ಅಭ್ಯಂತರ ಇಲ್ಲ' ಅಂತ ಹೆಣ್ಣುಮಕ್ಕಳು ಛಾಪಾ ಕಾಗದಕ್ಕೆ ಸಹಿ ಹಾಕಿದ್ದಾರೆ, ನೋಟರಿ ಮೊಹರೂ ಇದೆ. ನನ್ನ ಪ್ರಕಾರ ಪಾಲು ಹೋಗಿಲ್ಲ. ಪಹಣಿ ಕಂದಾಯದ ಕಾಗದ ಅಷ್ಟೇ. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗದಿದ್ರೆ ನೋಟರಿ ಮೊಹರಿಗೆ ಬೆಲೆ ಇಲ್ಲ.

ಹಳೇ_ಪಹಣಿ: "ಕಂದಾಯದ ಕಾಗದ ಅಷ್ಟೇ"? ಭೂಕಂದಾಯ ಕಾಯ್ದೆ 133ನೇ ಕಲಂ ತೆಗೆದು ನೋಡಿ. ತಪ್ಪು ಅಂತ ರುಜುವಾತಾಗೋವರೆಗೂ ಪಹಣಿ ನಮೂದು ಸರಿ ಅಂತಲೇ ಲೆಕ್ಕ. ತಕರಾರಿಗೆ 30 ದಿನ ಇತ್ತು, ಹಾಕಲಿಲ್ಲ. ಅಲ್ಲದೆ 1994ಕ್ಕೆ ಮುಂಚೆ ಮದುವೆಯಾದವರಿಗೆ ನಮ್ಮ ರಾಜ್ಯದಲ್ಲಿ ಪಾಲೇ ಇಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ಸೇರಿಸಿದ 6-ಎ ಕಲಂ.

ತವರುಮನೆ: 6-ಎ ಇನ್ನೂ ಹಿಡ್ಕೊಂಡು ಕೂತಿದೀರಾ! 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಮಾತೇ ಇಲ್ಲ. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ ಹೆಣ್ಣುಮಕ್ಕಳ ಹಕ್ಕು ಹುಟ್ಟಿನಿಂದಲೇ. ಮಕ್ಕಳು ಮೂವರಿಗೂ ತಲಾ 50 ಗುಂಟೆ, ತಾಯಿಗೆ 10.

ಗುಂಟೆ_ಲೆಕ್ಕ: ತಾಯಿಗೆ 10 ಗುಂಟೆನಾ? ತಂದೆ ಸಾಯೋ ಮುಂಚಿನ ಕ್ಷಣದಲ್ಲಿ ಪಾಲಾಯ್ತು ಅಂತ ಊಹಿಸಬೇಕಲ್ವಾ, ಆ ಪಾಲಲ್ಲಿ ತಾಯಿಗೂ ಒಂದು ಭಾಗ. 160 ಗುಂಟೆ ಐದು ಭಾಗ, ತಲಾ 32. ತಂದೆಯ 32 ನಾಲ್ವರಿಗೆ, ತಲಾ 8. ಎಲ್ಲರಿಗೂ 40.

ತವರುಮನೆ: ತಾಯಿ ಕೋಪಾರ್ಸನರ್ (ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕಿರೋರು) ಅಲ್ಲ ಸ್ವಾಮಿ. ಭಾಗ ನಾಲ್ಕೇ. ತಲಾ 40, ತಂದೆಯ 40ರಲ್ಲಿ ಎಲ್ಲರಿಗೂ 10. ಐದನೇ ಭಾಗ ಎಲ್ಲಿಂದ ತಂದ್ರಿ?

ಗುಂಟೆ_ಲೆಕ್ಕ: ಸುಪ್ರೀಂ ಕೋರ್ಟಿಂದ. 1978, ಗುರುಪಾದ ಮಗದುಮ್ ಕೇಸು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹೆಂಡತಿಗೆ ಸಿಕ್ಕಿದ್ದು 24ರಲ್ಲಿ 7 ಪಾಲು. ಮೊದಲು ನಾಲ್ಕರಲ್ಲೊಂದು, ಆಮೇಲೆ ಗಂಡನ ನಾಲ್ಕರಲ್ಲೊಂದರಲ್ಲಿ ಆರನೇ ಒಂದು. ಕೂಡಿಸಿ ನೋಡಿ.

ತವರುಮನೆ: ಕೂಡಿಸೋಕೆ ನನಗೂ ಬರುತ್ತೆ. ಅದು ಬಾಂಬೆ ಪದ್ಧತಿಯ (ಹಳೇ ಮುಂಬೈ ಪ್ರಾಂತ್ಯದ ಹಿಂದೂ ಕಾನೂನಿನ ರೂಢಿ) ಕೇಸು. ಮದರಾಸು ಕಡೆ ಪಾಲಿನಲ್ಲಿ ಹೆಂಡತಿಗೆ ಭಾಗ ಕೊಡೋ ರೂಢಿ ಯಾವತ್ತೋ ಬಿದ್ದುಹೋಗಿದೆ.

ಹಳೇ_ಪಹಣಿ: ತಾಯಿಗೆ 10 ಗುಂಟೆನೋ 40 ಗುಂಟೆನೋ ನಿಮ್ಮಿಬ್ಬರಿಗೇ ಗೊತ್ತಿಲ್ಲ, ಅಣ್ಣನ ಮೇಲೆ ದಾವಾ ಹಾಕ್ತಾರಂತೆ 😂 ಹೊರಗಿಟ್ಟಿದ್ದು ಗೊತ್ತಾಗಿ 12 ವರ್ಷ ದಾಟಿದ್ರೆ ಕಾಲಮಿತಿನೂ ಮುಗೀತು.

ಕಟಕಟೆ: ಕಾಲಮಿತಿ ಓಡೋದು ಹೊರಗಿಟ್ಟ ವಿಷಯ ಗೊತ್ತಾದ ದಿನದಿಂದ, ಖಾತೆ ಬದಲಾದ ದಿನದಿಂದ ಅಲ್ಲ. ನಿಜವಾಗಿ ದಾವಾ ಕೆಡೋದು ಅರ್ಜಿ ಬರೆಯೋವಾಗ. 'ಜಂಟಿ ಸ್ವಾಧೀನದಲ್ಲಿದ್ದೇವೆ' ಅಂತ ಬರೆದ್ರೆ ಜಮೀನು ಕೋಟಿ ಬಾಳಿದ್ರೂ ಕೋರ್ಟ್ ಫೀ 200 ರೂಪಾಯಿ ದಾಟಲ್ಲ (ಕರ್ನಾಟಕ ಕೋರ್ಟ್ ಫೀ ಕಾಯ್ದೆ 35ನೇ ಕಲಂ). ಸಿಟ್ಟಲ್ಲಿ 'ಅಣ್ಣ ನಮ್ಮನ್ನ ಹೊರಗಟ್ಟಿದ' ಅಂತ ಒಂದು ಸಾಲು ಬರೆದ್ರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ, ಮೇಲಿಂದ 12 ವರ್ಷದ ಗಡಿಯಾರಕ್ಕೆ ಕೀಲಿ ಕೊಟ್ಟಂಗೆ. ಒಬ್ಬ ತಂಗಿಯನ್ನ ಪಕ್ಷಗಾರಳಾಗಿ ಸೇರಿಸೋದು ಬಿಟ್ರೂ ಕೇಸು ಕುಂಟುತ್ತೆ. ಡಿಕ್ರಿ ಆದ ಮೇಲೂ ಕಂದಾಯ ಜಮೀನು ಅಳೆದು ಹಂಚೋದು ಡಿಸಿ ಕಡೆಯಿಂದ, ಸಿವಿಲ್ ಪ್ರಕ್ರಿಯಾ ಸಂಹಿತೆ 54ನೇ ಕಲಂ. ಜಿದ್ದಿಗೆ ಬಿದ್ದವರು ಇದನ್ನ ಕೊನೆಗೆ ಓದ್ತಾರೆ.

ಹಳೇ_ಪಹಣಿ: "200 ರೂಪಾಯಿ" ಅಂತ ಹೇಳಿ ಜನರನ್ನ ಕೋರ್ಟಿಗೆ ಹತ್ತಿಸಿ. ವಕೀಲರ ಫೀಸು ಯಾರು ಕೊಡ್ತಾರೆ?

ಗುಂಟೆ_ಲೆಕ್ಕ: @ತವರುಮನೆ ಮದರಾಸು ಅಂದ್ರಲ್ಲ, ಬೈಲಹೊಂಗಲ ಬೆಳಗಾವಿ ಜಿಲ್ಲೆ. ಹಳೇ ಮುಂಬೈ ಪ್ರಾಂತ್ಯ. ಮೊದಲ ಸಾಲಲ್ಲೇ ಇದೆ.

ತವರುಮನೆ: ಪದ್ಧತಿ ಅಂಟೋದು ಕುಟುಂಬಕ್ಕೆ, ಜಮೀನಿಗಲ್ಲ. ಆ ಕುಟುಂಬದ ಮೂಲ ಎಲ್ಲಿಯದು ಅಂತ ಮೊದಲು ಹೇಳಿ.

ಗುಂಟೆ_ಲೆಕ್ಕ: ಅಂದ್ರೆ ಮೂಲ ಬೆಳಗಾವಿದೇ ಆದ್ರೆ 40?

ತವರುಮನೆ: ಮೂಲ ಹೇಳಿ ಅಂದೆ.